ಘಾಟು ಬರುವ ತನಕ

ನನಗೆ ಹೊಟ್ಟೆಕಿಚ್ಚು ಇತ್ತು. ಮೊದಲೇ ಹೇಳಿಬಿಡುತ್ತೇನೆ. ಕತೆ ಅರ್ಧಕ್ಕೆ ಬಂದಾಗ ನೀವೇ ಅದನ್ನು ಕಂಡುಹಿಡಿದು, ಈ ಮುದುಕ ನಮ್ಮ ಹತ್ತಿರ ಮುಚ್ಚಿಟ್ಟ ಎನ್ನುವುದು ಬೇಡ.

ನಾನು ಪಾಣೆಮಂಗಳೂರಿನ ಹುಸೈನಬ್ಬ. ಬಹರೈನಿನ ಅದ್ಲಿಯಾದಲ್ಲಿ ಹಳೆಯ ವಿಲ್ಲಾ ಒಂದನ್ನು ಹೋಟೆಲು ಮಾಡಿದ್ದರು. ಅಲ್ಲಿ ಹತ್ತೊಂಬತ್ತು ವರ್ಷ ಇದ್ದಿಲ ಒಲೆಯ ಮುಂದೆ ನಿಂತವನು ನಾನು. ಅಂಗಳದ ಮೂಲೆಯಲ್ಲಿ ನನ್ನ ಒಲೆ, ಒಲೆಗೊಂದು ಕಿಟಕಿ, ಕಿಟಕಿಯ ಆಚೆ ಗಿರಾಕಿಗಳು. ಕೋಳಿ ಯಾವಾಗ ಮಗುಚಬೇಕು, ಹಮೂರ್ ಮೀನಿನ ಚರ್ಮ ಯಾವಾಗ ಕಬ್ಬಿಣ ಬಿಟ್ಟು ಏಳುತ್ತದೆ ಎಂಬುದು ನನಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಕೈಯ ಮೇಲೆ ಸುಟ್ಟ ಕಲೆ ಎಷ್ಟಿವೆ ಎಂದು ನಾನು ಲೆಕ್ಕ ಇಟ್ಟಿಲ್ಲ. ಬೆಂಕಿಯ ವಿಷಯದಲ್ಲಿ ನನಗೆ ಹೇಳಿಕೊಡುವವನು ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಹುಟ್ಟಿದ್ದಳು, ಹತ್ತು ಹೆಜ್ಜೆ ದೂರದ ಕ್ಯಾಶ್ ಕೌಂಟರಿನಲ್ಲೇ ಕೂತಿದ್ದಳು ಎಂಬುದು 2013ರ ನವೆಂಬರಿನವರೆಗೆ ತಿಳಿದಿರಲಿಲ್ಲ.

ಅವಳು ಪೆಟ್ರೊನಿಲ್ಲಾ. ಮಂಗಳೂರಿನ ಕುಲಶೇಖರದವಳು, ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಒಂಬತ್ತು ವರ್ಷದಿಂದ ನಮ್ಮ ಹೋಟೆಲಿನಲ್ಲಿ ಬಿಲ್ಲು ಹಾಕುತ್ತಿದ್ದಳು. ಕ್ರಿಸ್ಮಸ್ಸಿಗೆ ನನಗೆ ಕುಸ್ವಾರ್ ತಿಂಡಿಗಳ ಪೊಟ್ಟಣ ಕೊಡುತ್ತಿದ್ದಳು, ಹಬ್ಬಕ್ಕೆ ನಾನು ಅವಳಿಗೆ ಬಿರಿಯಾನಿ ಕಟ್ಟಿಕೊಡುತ್ತಿದ್ದೆ. ನಮ್ಮ ಸ್ನೇಹಕ್ಕೆ ಏನೂ ಕೊರತೆ ಇರಲಿಲ್ಲ. ಆ ಕಪ್ಪು ಪೆಟ್ಟಿಗೆ ಬರುವ ತನಕ.

ಪೆಟ್ಟಿಗೆ ಬಂದದ್ದು ನನ್ನ ಒಲೆಯ ಹೊಗೆಯ ದೆಸೆಯಿಂದ. ಪಕ್ಕದ ವಿಲ್ಲಾದವರು ಎರಡು ಸಲ ದೂರು ಕೊಟ್ಟಿದ್ದರು. ನಮ್ಮ ಅರ್ಬಾಬ್, ಅಂದರೆ ಧಣಿ, ಒಳ್ಳೆಯ ಮನುಷ್ಯರು. ಬೈಯಲಿಲ್ಲ. ಅಂಗಳದ ಅರ್ಧಕ್ಕೆ ಗಾಜಿನ ಕೋಣೆ ಕಟ್ಟಿಸಿ, ಚಳಿಗಾಲದ ಗಿರಾಕಿಗಳು ಬೆಂಕಿ ನೋಡುತ್ತಾ ಊಟ ಮಾಡಲಿ ಎಂದು ಹೊರದೇಶದಿಂದ ಒಂದು ಕಟ್ಟಿಗೆ ಒಲೆ ತರಿಸಿದರು. ಎರಕದ ಕಬ್ಬಿಣದ ಒಲೆ, ಮುಂದೆ ಗಾಜಿನ ಬಾಗಿಲು, ಮೇಲೆ ಚಹಾದ ಕೆಟಲು ಮತ್ತು ಕುರಿಮಾಂಸದ ಪಾತ್ರೆ ಇಡುವಷ್ಟು ಜಾಗ. ಅದರ ಚಿಮಣಿ ಮಾಡಿದ್ದು ಟುಬ್ಲಿಯ ವರ್ಕ್‌ಶಾಪಿನಲ್ಲಿ.

"ಈ ಚಳಿಗಾಲ ಎರಡೂ ಇರಲಿ ಹುಸೈನ್," ಎಂದರು ಅರ್ಬಾಬ್. "ಇದು ಹೊಗೆ ಇಲ್ಲದೆ ನಡೆದರೆ ಇದ್ದಿಲು ಖಲಾಸ್. ಕಬಾಬು ಒಳಗೆ ಗ್ಯಾಸಿನಲ್ಲಿ ಆಗುತ್ತದೆ. ನೀನೂ ದಣಿದಿದ್ದೀ. ಊರಿಗೆ ಹೋಗಿ ಆರಾಮ ಮಾಡು."

ಬೈದಿದ್ದರೆ ಸಹಿಸಬಹುದಿತ್ತು. ಆರಾಮ ಮಾಡು ಎಂದದ್ದು ಎದೆಗೆ ನಾಟಿತು. ಊರಿನಲ್ಲಿ ನಾನು ಯಾರು? ರುಖಿಯಾಳ ಗಂಡ, ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸು ಹಿಡಿದು ಬರುವವನು. ಇಲ್ಲಿ ನಾನು ಬೆಂಕಿಯ ಮನುಷ್ಯ. ಹಾಗಾದರೆ ಈ ಹೊಸ ಬೆಂಕಿಯೂ ನನ್ನದೇ ಆಗಬೇಕು, ಆದರೆ ಮಾತ್ರ ನಾನು ಉಳಿಯುತ್ತೇನೆ ಎಂದು ತೀರ್ಮಾನಿಸಿದೆ.

ಒಲೆ ಕೂರಿಸಲು ಬಂದವನು ತರುಣ್ ಎಂಬ ಇಂಜಿನಿಯರ್, ಮೈಸೂರಿನ ಹುಡುಗ. ಕನ್ನಡದಲ್ಲೇ ವಿವರಿಸಿದ. ಒಲೆಯ ಹೊಟ್ಟೆಯೊಳಗೆ, ಮೇಲ್ಭಾಗದಲ್ಲಿ, ಜೇನುಗೂಡಿನ ಹಾಗೆ ತೂತು ತೂತಿರುವ ಒಂದು ಬಿಲ್ಲೆ.

"ಇದೇ ಕ್ಯಾಟಲಿಸ್ಟ್. ಹೊಗೆ ಇದರ ಮೂಲಕ ಹೋದ್ರೆ ಹೊಗೇನೇ ಉರಿದುಹೋಗುತ್ತೆ. ಕಮ್ಮಿ ಕಟ್ಟಿಗೆ, ಜಾಸ್ತಿ ಶಾಖ, ಚಿಮಣೀಲಿ ಏನೂ ಕಾಣಲ್ಲ. ಆದ್ರೆ ಇದು ಬಿಸಿಯಾಗೋ ತನಕ ಹೊಗೇನ ಇದರೊಳಗೆ ಬಿಡಬಾರದು. ಅದಕ್ಕೇ ಈ ಬೈಪಾಸ್ ಹಿಡಿ. ಮೊದಲು ತೆಗೆದಿಡಿ, ಹೊಗೆ ನೇರವಾಗಿ ಚಿಮಣಿಗೆ ಹೋಗ್ಲಿ. ಮೇಲಿರೋ ಥರ್ಮಾಮೀಟರಿನ ಮುಳ್ಳು ಈ ಗೆರೆ ದಾಟಿದ ಮೇಲೆ ಮುಚ್ಚಿ. ಯಾರು ಕಲೀತೀರಾ?"

"ಬೆಂಕಿ ಹಚ್ಲಿಕ್ಕೆ ಕಲೀಲಿಕ್ಕೆ ಎಂತ ಉಂಟು?" ಎಂದು ನಾನು ಮುಂದೆ ಹೋದೆ.

ಕಟ್ಟಿಗೆ ಒಲೆಯ ಬಾಯಿತುಂಬ ತುರುಕಿದೆ. ಹೊತ್ತಿಸಿದೆ. ಜ್ವಾಲೆ ಎದ್ದದ್ದೇ ತಡ ಬೈಪಾಸ್ ಮುಚ್ಚಿದೆ. ಮುಳ್ಳು ಎಲ್ಲಿದೆ ಎಂದು ನೋಡಲಿಲ್ಲ, ಬೆಂಕಿ ನೋಡಿದವನಿಗೆ ಮುಳ್ಳು ಯಾಕೆ? ಬಾಗಿಲು ತೆಗೆದು ಇನ್ನೊಂದು ತುಂಡು ಹಾಕಲು ಹೋದಾಗ ಹೊಗೆಯೆಲ್ಲಾ ನನ್ನ ಮುಖಕ್ಕೆ ನುಗ್ಗಿತು. ಗಾಜಿನ ಕೋಣೆ ತುಂಬಿತು. ಗೋಡೆಯಲ್ಲಿ ತರುಣ್ ಸಿಕ್ಕಿಸಿದ್ದ ವಿಷಗಾಳಿಯ ಅಲಾರಂ ಕೀರಲು ಶುರು ಮಾಡಿತು. ಅಷ್ಟರಲ್ಲಿ ಯಾರೋ ನನ್ನ ಭುಜದ ಪಕ್ಕದಿಂದ ಕೈ ಹಾಕಿ, ಬೈಪಾಸ್ ಹಿಡಿ ಎಳೆದು, ಬಾಗಿಲು ಮುಚ್ಚಿದರು. ಹೊಗೆ ಒಮ್ಮೆಗೇ ಮೇಲೆ ಹೋಯಿತು. ಪೆಟ್ರೊನಿಲ್ಲಾ. ಕೌಂಟರಿನಲ್ಲಿ ಕೂತು ಎರಡು ದಿನದಿಂದ ಒಲೆಯ ಪುಸ್ತಕ ಓದಿದ್ದಳಂತೆ.

"ಬಾಗಿಲು ತೆಗೀಲಿಕ್ಕೆ ಮುಂಚೆ ಬೈಪಾಸ್ ತೆಗೀಬೇಕು ಹುಸೈನಾಕ," ಎಂದಳು, ಮೆಲ್ಲಗೆ, ಕೆಮ್ಮುತ್ತಾ.

ಮೆಲ್ಲಗೆ ಹೇಳಿದ್ದೇ ತಪ್ಪು. ಅರ್ಬಾಬ್ ಅಲ್ಲೇ ನಿಂತಿದ್ದರು. ಒಲೆಯ ಜೊತೆ ಬಂದಿದ್ದ ಕೈಗವಸು, ಮೊಣಕೈವರೆಗಿನ ಕೆಂಪು ಚರ್ಮದ್ದು, ಅವಳ ಕೈಗೆ ಕೊಟ್ಟರು. ಹತ್ತೊಂಬತ್ತು ವರ್ಷದಲ್ಲಿ ನನಗೆ ಒಂದು ಹರಕು ಕೈಗವಸು ಯಾರೂ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ, ಅದು ಬೇರೆ ಮಾತು.

ಅವಳು ಒಲೆ ನಡೆಸುವುದನ್ನು ನನ್ನ ಕಿಟಕಿಯಿಂದ ದಿನಾ ನೋಡಬೇಕಾಯಿತು. ಕಿರುಬೆರಳ ಗಾತ್ರದ ಪುಳ್ಳೆಗಳಿಂದ ಶುರು ಮಾಡುವಳು. ಗಾಳಿಯ ಹಿಡಿ ಪೂರ್ತಿ ತೆಗೆದು, ಬೈಪಾಸ್ ತೆಗೆದು, ಮುಳ್ಳನ್ನೇ ನೋಡುತ್ತಾ ಕೂರುವಳು. ಗೆರೆ ದಾಟಿದ ಮೇಲೆ ಬೈಪಾಸ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಗಾಳಿಯನ್ನು ಮೆಲ್ಲಮೆಲ್ಲನೆ ತಗ್ಗಿಸುವಳು. ನಂತರ ಅಂಗಳಕ್ಕೆ ಬಂದು ತಲೆ ಎತ್ತಿ ಚಿಮಣಿ ನೋಡುವಳು. ಅಲ್ಲಿ ಏನೂ ಇರುತ್ತಿರಲಿಲ್ಲ. "ಮಾಫಿ ದುಖಾನ್," ಹೊಗೆಯೇ ಇಲ್ಲ, ಎಂದು ಅರ್ಬಾಬ್ ಬಂದವರಿಗೆಲ್ಲಾ ತೋರಿಸುತ್ತಿದ್ದರು. ಗಿರಾಕಿಗಳ ಮಕ್ಕಳು ನನ್ನ ಕಿಟಕಿ ಬಿಟ್ಟು ಗಾಜಿನ ಕೋಣೆಗೆ ಓಡಿದರು. ಕೆಂಪು ಕೈಗವಸು ತೊಟ್ಟ ಪೆಟ್ರೊನಿಲ್ಲಾಳ ಜೊತೆ ಫೋಟೊ ತೆಗೆಸಿಕೊಂಡರು. ನನ್ನ ಜೊತೆ ಫೋಟೊ ತೆಗೆಸಿಕೊಂಡ ಮಗು ಈ ಹತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ನನ್ನ ಒಳಗೆ ಉರಿಯುತ್ತಿದ್ದುದಕ್ಕೆ ಯಾವ ಚಿಮಣಿಯೂ ಇರಲಿಲ್ಲ. ಸೋಲು ಒಪ್ಪಿಕೊಳ್ಳುವ ಜಾತಿಯೂ ನನ್ನದಲ್ಲ.

ಒಂದು ಶುಕ್ರವಾರ ಮುಹರ‍್ರಕ್ಕೆ ಹೋಗಿ, ದೋಣಿ ಕಟ್ಟುವ ಯಾರ್ಡಿನಿಂದ ಹಳೆಯ ತೇಗದ ತುಂಡುಗಳನ್ನು ತಂದೆ. ಮೂವತ್ತು ವರ್ಷ ಒಣಗಿದ ಮರ. ಇಂಥ ಕಟ್ಟಿಗೆ ನೋಡಿದರೆ ಅರ್ಬಾಬ್ ನನ್ನನ್ನು ಕರೆದು ಒಲೆ ಕೊಡುತ್ತಾರೆ ಎಂದುಕೊಂಡೆ. ಅವತ್ತು ತರುಣ್ ಚಿಮಣಿ ನೋಡಲು ಬಂದಿದ್ದ. ಗೇಟಿನಲ್ಲೇ ತಡೆದ.

"ಬೇಡ ಹುಸೈನ್ ಭಾಯ್. ಸಮುದ್ರದ ನೀರು ಕುಡಿದ ಮರ ಇದು. ಉಪ್ಪು ಆ ಜೇನುಗೂಡಿನ ಮೇಲೆ ಕೂತ್ಕೊಂಡ್ರೆ ಅದು ಕೆಲಸ ಮಾಡೋದೇ ನಿಲ್ಲಿಸುತ್ತೆ. ಪೇಂಟು, ಪ್ಲಾಸ್ಟಿಕ್ಕು, ಉಪ್ಪು, ಮೂರೂ ವಿಷ. ಆ ಮೇಡಂಗೂ ಹೇಳಿಬಿಡಿ."

ನಾನು ಪೆಟ್ರೊನಿಲ್ಲಾಳಿಗೆ ಹೇಳಿದ್ದು ಇಷ್ಟೇ: "ಸಮುದ್ರದ ಕಟ್ಟಿಗೆ ಆಗುದಿಲ್ಲಂತೆ." ಅವಳು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಅದನ್ನೂ ಸೇರಿಸಿದಳು. ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವತ್ತು ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಹೆಚ್ಚು ಮಾತಾಡಲು ಇಷ್ಟ ಇರಲಿಲ್ಲ, ಅಷ್ಟೇ.

ಡಿಸೆಂಬರಿನ ಮೊದಲ ವಾರ, ಸಂಜೆ ಮಗ್ರಿಬಿನ ಹೊತ್ತು. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ನಮಾಜು ಮುಗಿಸಿ ಕಿಟಕಿಗೆ ಬಂದವನು ಗಾಜಿನ ಕೋಣೆಯ ಕಡೆ ನೋಡಿದೆ. ಪೆಟ್ರೊನಿಲ್ಲಾ ಒಲೆಯ ಮುಂದೆ ಒಬ್ಬಳೇ ನಿಂತು ಮುಷ್ಟಿ ಕಟ್ಟಿದ ಕೈಯನ್ನು ತನ್ನ ತಲೆಯ ಸುತ್ತ ಮೂರು ಸಲ ಸುಳಿದು ನಿವಾಳಿಸಿದಳು. ತುಟಿ ಅಲ್ಲಾಡುತ್ತಿತ್ತು. ಬೈಪಾಸ್ ತೆಗೆದು, ಬಾಗಿಲು ತೆಗೆದು, ಮುಷ್ಟಿಯಲ್ಲಿದ್ದದ್ದನ್ನು ಕೆಂಡಕ್ಕೆ ಎಸೆದು, ಬೇಗ ಮುಚ್ಚಿದಳು. ಏನೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಊರಿನಲ್ಲಿ ಕಲ್ಲುಪ್ಪು, ಏಳು ಒಣಮೆಣಸು. ದೃಷ್ಟಿ ತೆಗೆಯುವುದು. ಹಿಂದೂಗಳ ಮನೆಯಲ್ಲಿ ಮಾಡುತ್ತಾರೆ, ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ಮಾಡುತ್ತಾರೆ, ಮದರಸದ ಉಸ್ತಾದರು ಎಷ್ಟು ಬೈದರೂ ನನ್ನ ಉಮ್ಮ ನಮಗೂ ಮಾಡುತ್ತಿದ್ದರು. ಇದಕ್ಕೆ ಗ್ಯಾಸಿನ ಉರಿ ಆಗುವುದಿಲ್ಲ, ಕೆಂಡವೇ ಬೇಕು.

ಯಾರ ದೃಷ್ಟಿ ಎಂದು ಯೋಚಿಸಿದೆ. ಯೋಚಿಸುವುದೇನು, ಆ ಕೋಣೆಯನ್ನು ದಿನಾ ಎವೆಯಿಕ್ಕದೆ ನೋಡುತ್ತಿದ್ದ ಕಣ್ಣು ಎರಡೇ.

ಮರುದಿನ ಅವಳೇ ನನ್ನ ಕಿಟಕಿಗೆ ಬಂದಳು. ಮುಖ ಬಾಡಿತ್ತು. "ಹುಸೈನಾಕ, ನೀವು ದೊಡ್ಡವರು, ನಿಮಗೆ ಗೊತ್ತಿರ್ತದೆ. ದಿನಾ ತಲೆ ನೋವು ನಂಗೆ. ಮೊನ್ನೆ ಮೆಟ್ಲಲ್ಲಿ ಬಿದ್ದೆ. ನಾಲ್ಕು ದಿನದಿಂದ ದೃಷ್ಟಿ ತೆಗೀತಾ ಇದ್ದೇನೆ. ಆದ್ರೆ ಘಾಟೇ ಬರುದಿಲ್ಲ ಮಾರಾಯ್ರೆ."

ಘಾಟಿನ ವಿಷಯ ಕರಾವಳಿಯ ಮಗುವಿಗೂ ಗೊತ್ತು. ಮೆಣಸು ಸುಟ್ಟಾಗ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ, ಇದ್ದರೂ ಹೋಯಿತು. ಘಾಟು ಬಾರದಿದ್ದರೆ ದೃಷ್ಟಿ ಗಟ್ಟಿಯಾಗಿ ಕೂತಿದೆ ಎಂದರ್ಥ. ಆದರೆ ಇದು ಹೊಗೆಯನ್ನೇ ನುಂಗುವ ಒಲೆ. ಬಾಗಿಲು ಮುಚ್ಚಿ, ಬೈಪಾಸ್ ಮುಚ್ಚಿದ ಮೇಲೆ ಮೆಣಸಿನ ಹೊಗೆಯೂ ಜೇನುಗೂಡಿನಲ್ಲಿ ಉರಿದುಹೋಗುತ್ತಿತ್ತು. ಅದರಲ್ಲಿ ಘಾಟು ಎಲ್ಲಿಂದ ಬರಬೇಕು? ಪುಸ್ತಕ ಪೂರ್ತಿ ಓದಿದವಳಿಗೆ ಇದು ಹೊಳೆಯಲಿಲ್ಲ. ಭಯ ಬಂದಾಗ ಓದಿದ್ದು ಯಾರಿಗೆ ನೆನಪಿರುತ್ತದೆ? ನನಗೆ ಮಾತ್ರ ಎಲ್ಲವೂ ಹೊಳೆಯಿತು. ಘಾಟು ಯಾಕೆ ಬರುವುದಿಲ್ಲ ಎಂಬುದು ಹೊಳೆಯಿತು. ತರುಣ್ ಗೇಟಿನಲ್ಲಿ ಹೇಳಿದ ಮಾತೂ ಹೊಳೆಯಿತು. ದಿನಕ್ಕೊಂದು ಹಿಡಿ ಉಪ್ಪು.

ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ನಾನು ಕೋಳಿಯ ಕಂಬಿ ತಿರುಗಿಸಿದೆ. ಅವಳ ಕಂಕುಳಲ್ಲಿ ಆ ಕೆಂಪು ಕೈಗವಸು ಇತ್ತು.

"ಘಾಟು ಬರುವ ತನಕ ಮಾಡ್ಬೇಕು," ಎಂದೆ. "ನಡುವೆ ನಿಲ್ಲಿಸಿದ್ರೆ ಹೆಚ್ಚಾಗ್ತದೆ."

"ಹೌದಾ? ಹಾಗಾದ್ರೆ ಬಿಡುದಿಲ್ಲ," ಎಂದಳು. ಹೋಗುವಾಗ ತಿರುಗಿ, "ನಿಮ್ಮ ಮುಖವೂ ಸರಿ ಇಲ್ಲ ಹುಸೈನಾಕ. ಊಟ ಸರಿ ಮಾಡಿ," ಎಂದಳು.

ಮುಂದಿನ ಐದು ವಾರ ನಾನು ದಿನಾ ಮಗ್ರಿಬಿಗೆ ಬೇಗ ನಮಾಜು ಮುಗಿಸಿ ಕಿಟಕಿಗೆ ಬಂದೆ. ಅವಳು ಸುಳಿಯುವುದನ್ನು ನೋಡಿದೆ, ಎಸೆಯುವುದನ್ನು ನೋಡಿದೆ. ಖುಷಿ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ರಾತ್ರಿ ಒಳ್ಳೆಯ ನಿದ್ದೆಯೂ ಬರುತ್ತಿತ್ತು. ಒಲೆ ಸತ್ತರೆ ಇದ್ದಿಲು ಉಳಿಯುತ್ತದೆ, ಇದ್ದಿಲು ಉಳಿದರೆ ನಾನು ಉಳಿಯುತ್ತೇನೆ. ಇದರಲ್ಲಿ ನನ್ನ ಕೈ ಎಲ್ಲಿದೆ? ನಾನು ಒಂದು ಹರಳು ಉಪ್ಪು ಮುಟ್ಟಿಲ್ಲ.

ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಮುಳ್ಳು ಸೋಮಾರಿಯಾಯಿತು. ಬೈಪಾಸ್ ಮುಚ್ಚಿದ ಮೇಲೆ ಏರಬೇಕಾದದ್ದು ಇಳಿಯತೊಡಗಿತು. ಬಾಗಿಲಿನ ಗಾಜು ಮಸಿ ಹಿಡಿಯಿತು. ಮೊದಲಿಗಿಂತ ಹೆಚ್ಚು ಕಟ್ಟಿಗೆ ಬೇಕಾಯಿತು. ಪೆಟ್ರೊನಿಲ್ಲಾ ಕಟ್ಟಿಗೆಯ ತೇವ ಅಳೆದಳು, ಬೂದಿ ತೆಗೆದು ಮುಚ್ಚಳದ ಡಬ್ಬಿಗೆ ತುಂಬಿ ಅಂಗಳದಲ್ಲಿಟ್ಟಳು, ಗಾಜು ಒರೆಸಿದಳು. ಏನು ಮಾಡಿದರೂ ಸರಿಯಾಗದಿದ್ದಾಗ ದೃಷ್ಟಿ ಹೆಚ್ಚಾಗಿದೆ ಎಂದು ಉಪ್ಪನ್ನೂ ಹೆಚ್ಚು ಮಾಡಿದಳು. ಆ ವರ್ಷವೂ ನನಗೆ ಕುಸ್ವಾರ್ ಕೊಟ್ಟಳು. ತಿಂದೆ.

ಜನವರಿಯ ಒಂದು ಗುರುವಾರ. ಚಳಿ ಚೆನ್ನಾಗಿತ್ತು, ಅಂಗಳದ ಮೇಜುಗಳೂ ತುಂಬಿದ್ದವು. ಅವತ್ತು ಗಿರಾಕಿಗಳು ಬೇಗ ಬಂದದ್ದರಿಂದ ಅವಳಿಗೆ ತಡವಾಗಿತ್ತು. ಅವರು ಕೂತಿದ್ದಾಗಲೇ ಮೈ ಮರೆಮಾಡಿ ಸುಳಿದು ಎಸೆದಳು. ಬಾಗಿಲು ಮುಚ್ಚಿದಳು, ಬೈಪಾಸ್ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಚಿಮಣಿಯಿಂದ ದಪ್ಪ ಹಳದಿ ಹೊಗೆ ಎದ್ದು, ಗಾಳಿಯಿಲ್ಲದ ಅಂಗಳಕ್ಕೆ ಇಳಿಯಿತು. ಒಬ್ಬರು ಕೆಮ್ಮಿದರು. ಆಮೇಲೆ ಎಲ್ಲರೂ ಕೆಮ್ಮಿದರು. ಹೆಂಗಸರು ಶಾಲಿನಿಂದ ಮೂಗು ಮುಚ್ಚಿಕೊಂಡು ಎದ್ದರು, ಪಕ್ಕದ ವಿಲ್ಲಾದ ಕಿಟಕಿಗಳು ದಡದಡ ಮುಚ್ಚಿದವು. ಆ ಗದ್ದಲದ ನಡುವೆ ಪೆಟ್ರೊನಿಲ್ಲಾ ನನ್ನ ಕಿಟಕಿಗೆ ಓಡಿಬಂದಳು. ಕಣ್ಣಿನಲ್ಲಿ ನೀರು, ಮುಖದ ತುಂಬ ನಗು.

"ಹುಸೈನಾಕ, ಘಾಟು ಬಂತು."

ಜೇನುಗೂಡು ಸತ್ತಿತ್ತು. ಅವಳಿಗೆ ದೃಷ್ಟಿ ಹೋದ ಸಂತೋಷ. ನಾನು ಕೆಮ್ಮು ಬಂದವನ ಹಾಗೆ ಆ ಕಡೆ ತಿರುಗಿದೆ.

ಶನಿವಾರ ತರುಣ್ ಬಂದು, ಆರಿದ ಒಲೆಯಿಂದ ಬಿಲ್ಲೆಯನ್ನು ಹೊರಗೆ ತೆಗೆದ. ತೂತುಗಳ ಮೇಲೆ ಬಿಳಿಯ ಪೊರೆ ಕೂತಿತ್ತು. ಬೆರಳಿಂದ ಉಜ್ಜಿ ನೋಡಿ, ಅರ್ಬಾಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ, ಸಾಲ್ಟ್ ಎಂದದ್ದು ನನಗೂ ತಿಳಿಯಿತು. ಆಮೇಲೆ ನನ್ನನ್ನು ನೋಡಿದ. "ಹುಸೈನ್ ಭಾಯ್, ಆ ಸಮುದ್ರದ ಕಟ್ಟಿಗೆ ಏನ್ ಮಾಡಿದ್ರಿ?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಹೊಟ್ಟೆಕಿಚ್ಚು ಗೊತ್ತಿಲ್ಲದವರು ಆ ಹೋಟೆಲಿನಲ್ಲಿ ಯಾರಿದ್ದರು? ಈಗ ಹೇಳಬೇಕು, ಹಾಕಿದ್ದು ಅವಳು ಎಂದು ಹೇಳಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು.

"ಉಪ್ಪಾ? ನಾನು ಹಾಕಿದ್ದು," ಎಂದಳು ಪೆಟ್ರೊನಿಲ್ಲಾ. "ಅವರಲ್ಲ. ದೃಷ್ಟಿ ತೆಗೆದು ಉಪ್ಪು ಮೆಣಸು ಇದರಲ್ಲೇ ಹಾಕ್ತಿದ್ದೆ. ದಿನಾ. ಸಮುದ್ರದ ಕಟ್ಟಿಗೆ ಬೇಡ ಅಂದದ್ದು ಉಪ್ಪಿಗೆ ಅಂತ ನಂಗೆ ಹೊಳೀಲೇ ಇಲ್ಲ."

"ಹಾಗೆ ಮಾಡಿ ಅಂತ ಯಾರು ಹೇಳಿದ್ದು ಮೇಡಂ?"

ಅವಳು ನನ್ನ ಕಡೆ ನೋಡಲಿಲ್ಲ. "ಯಾರೂ ಹೇಳ್ಲಿಲ್ಲ. ಅಮ್ಮ ಮಾಡ್ತಿದ್ದದ್ದು."

ತರುಣ್ ಅದನ್ನು ಅರ್ಬಾಬರಿಗೆ ಇಂಗ್ಲಿಷಿನಲ್ಲಿ ಹೇಳಿದ. ದೃಷ್ಟಿ ಎಂದರೆ ಅವರಿಗೂ ಅರ್ಥ ಆಗುತ್ತದೆ, ಅವರ ಮನೆಯಲ್ಲೂ ಧೂಪ ಹಾಕುತ್ತಾರೆ. ಅದಕ್ಕೇ ಬೈಯಲಿಲ್ಲ. ಆದರೆ ಪಕ್ಕದ ವಿಲ್ಲಾದವರು ಈ ಸಲ ನೇರವಾಗಿ ಮನೆಗೇ ಬಂದು ಹೇಳಿ ಹೋಗಿದ್ದರು. ಎರಡು ಮಾತಿನಲ್ಲಿ ತೀರ್ಪು ಕೊಟ್ಟರು. ಇನ್ನು ಅಂಗಳದಲ್ಲಿ ಹೊಗೆ ಏಳಬಾರದು, ಆದ್ದರಿಂದ ಇದ್ದಿಲ ಒಲೆ ಇವತ್ತೇ ಖಲಾಸ್. ಪೆಟ್ರೊನಿಲ್ಲಾ ಕೌಂಟರಿಗೆ ವಾಪಸ್, ಕಟ್ಟಿಗೆ ಒಲೆ ಇನ್ನು ಹುಸೈನನದ್ದು.

"ಝೈನ್?" ಸರಿಯಾ, ಎಂದು ಕೇಳಿದರು.

"ಝೈನ್," ಎಂದೆ.

ಅಷ್ಟು ಆಸೆಪಟ್ಟದ್ದು ಕೈಗೆ ಬಂತು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದವನ ಕತೆಯಾಯಿತು ನನ್ನದು. ಹತ್ತೊಂಬತ್ತು ವರ್ಷದ ನನ್ನ ಒಲೆಯ ಕಬ್ಬಿಣವನ್ನು ಟುಬ್ಲಿಯ ಗುಜರಿಯವನು ಪಿಕಪ್ಪಿಗೆ ಎತ್ತಿ ಹಾಕುವಾಗ, ನಾನು ಕೆಂಪು ಕೈಗವಸಿನೊಳಗೆ ಬೆರಳು ತೂರಿಸಲು ಒದ್ದಾಡುತ್ತಿದ್ದೆ. ನನ್ನ ಕೈಗೆ ಅದು ಚಿಕ್ಕದು.

ಹೊಸ ಬಿಲ್ಲೆ ಹಡಗಿನಲ್ಲಿ ಬರಲು ಎರಡು ತಿಂಗಳು ಬೇಕು ಎಂದ ತರುಣ್. ಹಳೆಯದನ್ನು ತೊಳೆದು ನೋಡಬಹುದು, ಉಪ್ಪಿನ ಪೊರೆಯಾದ್ದರಿಂದ ಜೀವ ಬಂದರೂ ಬರಬಹುದು. ಬಿಳಿ ವಿನೆಗರಿಗೆ ಅಷ್ಟೇ ಶುದ್ಧ ನೀರು ಸೇರಿಸಿ, ಸ್ಟೀಲಿನ ಪಾತ್ರೆಯಲ್ಲಿ ಬಿಸಿ ಮಾಡಿ, ಬಿಲ್ಲೆಯನ್ನು ಅರ್ಧ ಗಂಟೆ ಮುಳುಗಿಸಿಡಬೇಕು. ಆಮೇಲೆ ಬರೀ ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು ಪೂರ್ತಿ ಒಣಗಿಸಬೇಕು. ಅಡುಗೆ ಮನೆಯಲ್ಲಿ ನಾನು ಅದನ್ನು ಬೇಯಿಸಿದೆ. ಪೆಟ್ರೊನಿಲ್ಲಾ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ, ತಾನಾಗಿ ಬಂದಿದ್ದಳು.

"ಕುದೀಬಾರ್ದು ಹುಸೈನಾಕ, ಬರೀ ಬಿಸಿ."

ಕಲಿಯಬೇಕಾದದ್ದೂ ಅವಳಿಂದಲೇ. ಬೇರೆ ಯಾರಿಗೆ ಗೊತ್ತಿತ್ತು? ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ನನ್ನನ್ನು ಒಲೆಯ ಮುಂದೆ ಕೂರಿಸಿ ಹೇಳಿಕೊಡುತ್ತಿದ್ದಳು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಅವಳು ಬೈದು ಹೇಳಿಕೊಟ್ಟಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ.

"ಈಗ ಮುಚ್ಲಾ?"

"ಮುಳ್ಳು ಎಲ್ಲುಂಟು?"

"ಗೆರೆಯ ಹತ್ರ ಉಂಟು."

"ಹತ್ರ ಸಾಕಾಗುದಿಲ್ಲ, ದಾಟ್ಬೇಕು. ತಣ್ಣಗಿರುವಾಗ ಹೊಗೆ ಕೊಟ್ರೆ ಅದಕ್ಕೆ ನುಂಗ್ಲಿಕ್ಕೆ ಆಗುದಿಲ್ಲ, ಮಸಿ ಹಿಡೀತದೆ. ಕಾಯಿರಿ."

ಕಾಯುವುದು. ಅದೇ ನನಗೆ ಬಾರದ ವಿದ್ಯೆ. ಇದ್ದಿಲಿಗೆ ಬೀಸಣಿಗೆ ಬೀಸಿದರೆ ಆಯಿತು, ಅದು ಹೇಳಿದ ಮಾತು ಕೇಳುತ್ತದೆ. ಈ ಒಲೆಯನ್ನು ಅವಸರಪಡಿಸುವ ಹಾಗಿಲ್ಲ. ಒಮ್ಮೆ ಮರೆತು, ಬೈಪಾಸ್ ತೆಗೆಯದೆ ಬಾಗಿಲಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದು ಬೈಪಾಸ್ ಹಿಡಿಯ ಮೇಲೆ ಇಟ್ಟಳು. ನಮ್ಮ ಉಮ್ಮ ನನಗೆ ಅಲಿಫ್ ಬರೆಸುವಾಗ ಹಾಗೆ ಹಿಡಿಯುತ್ತಿದ್ದರು.

ಬಿಲ್ಲೆ ಒಣಗಿ ಒಳಗೆ ಕೂತ ದಿನ, ಸಂಜೆಗೆ ಮುಂಚೆ, ನಾನೇ ಹಚ್ಚಿದೆ. ಪುಳ್ಳೆ, ಗಾಳಿ, ಬೈಪಾಸ್. ಕಾದೆ. ಮುಳ್ಳು ಗೆರೆ ದಾಟಿತು. ಇನ್ನೂ ಸ್ವಲ್ಪ ಕಾದು ಮುಚ್ಚಿದೆ. ಒಲೆಯೊಳಗೆ ಜ್ವಾಲೆ ತಗ್ಗಿತು, ಮುಳ್ಳು ಮಾತ್ರ ಏರತೊಡಗಿತು. ಗಾಳಿ ಇಳಿಸಿದೆ. ಅಂಗಳಕ್ಕೆ ಓಡಿ ತಲೆ ಎತ್ತಿ ನೋಡಿದೆ. ಚಿಮಣಿಯ ಬಾಯಿಯ ಮೇಲೆ ಬರೀ ಆಕಾಶ ಕಂಡಿತು. ಅರ್ಬಾಬ್ ನನ್ನ ಬೆನ್ನಿಗೆ ತಟ್ಟಿ, "ಮಾಫಿ ದುಖಾನ್, ಹುಸೈನ್. ಇನ್ನು ನೀನು ಎಲ್ಲಿಗೂ ಹೋಗುವುದಿಲ್ಲ," ಎಂದರು.

ಇದೇ ಮಾತಿಗಾಗಿ ಮೂರು ತಿಂಗಳಿಂದ ಸಾಯುತ್ತಿದ್ದೆ. ಬಂದಾಗ ಅದು ಹೊಟ್ಟೆಗೆ ಇಳಿಯಲಿಲ್ಲ. ಕೈಗವಸು ತೆಗೆದು ಗಾಜಿನ ಕೋಣೆಗೆ ಬಂದೆ. ಪೆಟ್ರೊನಿಲ್ಲಾ ಗೋಡೆಯ ಪಟ್ಟಿಯ ಮುಂದೆ ನಿಂತು ಪೆನ್ನಿನಲ್ಲಿ ಕೊನೆಯ ಸಾಲು ಸೇರಿಸುತ್ತಿದ್ದಳು: ಉಪ್ಪು ಹಾಕಬಾರದು.

ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ. "ಹುಸೈನಾಕ, ಆ ದೋಣಿಯ ಮರ ತಂದ ದಿನ, ಅದು ಯಾಕೆ ಬೇಡ ಅಂತ ತರುಣ್ ನಿಮಗೆ ಹೇಳಿದ್ರಾ?"

"ಹೇಳಿದ."

"ಉಪ್ಪಿಗೆ ಅಂತ?"

"ಉಪ್ಪಿಗೆ ಅಂತ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಒಲೆಯ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಓಡಿಹೋಗಬೇಕು ಎನ್ನಿಸಿತು.

"ನಂಗೆ ಹೊಟ್ಟೆಕಿಚ್ಚು ಇತ್ತು ಪೆಟ್ರೊನಿಲ್ಲಾಬಾಯಿ. ಆ ದೃಷ್ಟಿ ನಂದೇ," ಎಂದೆ. "ಗೊತ್ತಿದ್ದೇ ಹೇಳಿದ್ದು, ಘಾಟು ಬರುವ ತನಕ ಮಾಡಿ ಅಂತ."

ಅವಳು ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯ ಮೇಲೆ ಕೂತಳು, ಅಷ್ಟೇ. ಬಹಳ ದಣಿದವಳ ಹಾಗೆ ಕಂಡಳು.

"ಮೊದಲ ನಾಲ್ಕು ದಿನ ಏಳು ಮೆಣಸೂ ನಂಗೇ ಸುಳಿದದ್ದು," ಎಂದಳು. "ನಿಮ್ಮ ಹತ್ರ ಕೇಳಿದ ಮೇಲೆ ನಾಲ್ಕು ನಂಗೆ, ಮೂರು ನಿಮಗೆ. ಕೆಲಸ ಹೋಗ್ತದೆ ಅಂತ ನೀವು ಬಾಡಿಹೋಗಿದ್ರಿ. ಇಷ್ಟು ವರ್ಷ ಸರಿ ಇದ್ದವರಿಗೆ ಯಾರ ಕಣ್ಣು ಬಿತ್ತೋ ಅಂತ. ನಿಮ್ಮ ಹೆಸರು ಹೇಳಿಯೇ ಹಾಕ್ತಿದ್ದೆ."

ಕಿಟಕಿಯಿಂದ ನಾನು ಖುಷಿಯಿಂದ ನೋಡುತ್ತಿದ್ದ ಆ ಅಲ್ಲಾಡುವ ತುಟಿಗಳಲ್ಲಿ ನನ್ನ ಹೆಸರು ಇತ್ತು. ಐದು ವಾರ, ದಿನಾ.

ನಾನು ಅಡುಗೆ ಮನೆಗೆ ಹೋಗಿ ಒಂದು ಹಿಡಿ ಕಲ್ಲುಪ್ಪು, ಏಳು ಒಣಮೆಣಸು ತಂದೆ. ಅವಳು ಬೇಡ ಎನ್ನಲಿಲ್ಲ. ಅವಳ ತಲೆಯ ಸುತ್ತ ಮೂರು ಸಲ ಸುಳಿದೆ. ನಾಯಿ ಕಣ್ಣು, ನರಿ ಕಣ್ಣು, ಊರ ಕಣ್ಣು, ಕೇರಿ ಕಣ್ಣು ಎಂದು ಉಮ್ಮ ಹೇಳುತ್ತಿದ್ದುದನ್ನೇ ಹೇಳಿದೆ. ಕೊನೆಗೆ ಹುಸೈನಬ್ಬನ ಕಣ್ಣು ಎಂದೂ ಸೇರಿಸಿದೆ, ಅವಳಿಗೆ ಕೇಳುವ ಹಾಗೆ. ಸುಳಿದು ಮುಗಿದ ಮೇಲೆ ಕೆಂಡಕ್ಕೆ ಹಾಕಬೇಕು. ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿದೆ. ಅಲ್ಲಿ ನನ್ನ ಒಲೆ ಇರಲಿಲ್ಲ, ತೊಳೆದ ಗೋಡೆ ಇತ್ತು. ಈ ಕಡೆ ತಿರುಗಿದರೆ ಇಡೀ ಹೋಟೆಲಿನಲ್ಲಿ ಕೆಂಡ ಇದ್ದದ್ದು ಆ ಗಾಜಿನ ಬಾಗಿಲಿನ ಹಿಂದೆ ಮಾತ್ರ.

"ಹಾಕ್ಲಿಕ್ಕೆ ಜಾಗ ಇಲ್ಲ ಅಲ್ವಾ?" ಎಂದಳು ಪೆಟ್ರೊನಿಲ್ಲಾ.

ಗೇಟಿನಲ್ಲಿ ಮೊದಲ ಗಿರಾಕಿಗಳ ಕಾರು ನಿಂತ ಸದ್ದಾಯಿತು. ಅವಳು ಎದ್ದು ಕೌಂಟರಿಗೆ ಹೋದಳು. ನಾನು ಉಪ್ಪು ಮೆಣಸನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬೈಪಾಸ್ ತೆಗೆದು, ಆಮೇಲೆ ಬಾಗಿಲು ತೆಗೆದು, ಕಟ್ಟಿಗೆ ಹಾಕಿದೆ. ಶಾಖಕ್ಕೆ ಮೈ ಬೆವರಿತು. ಉಪ್ಪು ಬೆವರಿಗೆ ಕರಗಿ, ಮೆಣಸಿನ ಖಾರದ ಜೊತೆ ಸೇರಿ ಎದೆಯ ಚರ್ಮ ಉರಿಯಲು ಶುರುವಾಯಿತು. ಹೋಟೆಲು ಮುಚ್ಚುವ ತನಕ ಅದನ್ನು ತೆಗೆಯಲಿಲ್ಲ.